ಅಣ್ಣು ಪೂಜಾರಿಯವರ ಆಕ್ಷೇಪಣೆ

ಗ್ಲೆನ್ ವೇವರ್ಲಿ, ಮೆಲ್ಬರ್ನ್
12 ಫೆಬ್ರವರಿ 2006

ಅಪ್ಪನಿಗೆ ನಮಸ್ಕಾರ.

ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳುವುದಿಲ್ಲ. ಕಿರುಚಿ ಮಾತಾಡೋಣವೆಂದರೆ ಈ ಮನೆಯಲ್ಲಿ ನನ್ನ ಜೊತೆ ರೆಂಟ್ ಹಂಚಿಕೊಂಡಿರುವ ಹುಡುಗಿಯರು ಗಾಬರಿಯಾಗುತ್ತಾರೆ. ಆದ್ದರಿಂದ ನೀವು ಹೇಳಿದಂತೆ ಕಾಗದವೇ ಸರಿ. ತುಳುವಿನಲ್ಲಿ ಜಗಳ, ಕನ್ನಡದಲ್ಲಿ ಕಾಗದ. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಹಾಗೆಯೇ ಅಲ್ಲವೇ.

ಮೊನ್ನೆ ನಾನು ಬ್ಲ್ಯಾಕ್‌ಟೌನಿನ ಮನೆಗೆ ಬಂದಿದ್ದಾಗ ನೀವೊಂದು ಮಾತು ಕೇಳಿದಿರಿ: ನಾರ್ವೆಯ ಯಾವುದೋ ಸರಕಾರದ ಮೇಲೆ ಪಿಎಚ್‌ಡಿ ಮಾಡಲು ಎಂತ ಉಂಟು ಎಂದು. ಅಣ್ಣ ಏರ್‌ಪೋರ್ಟಿಗೆ ಹೊರಡಲು ಅವಸರ ಮಾಡಿದ. ಉತ್ತರ ಹೇಳಲಾಗಲಿಲ್ಲ. ಈಗ ಹೇಳುತ್ತೇನೆ.

1923ರ ಮಾರ್ಚಿನಲ್ಲಿ ಅಲ್ಲಿ ಎರಡು ಪಕ್ಷಗಳು ಸೇರಿ ಸರಕಾರ ಮಾಡಿದವು. ಒಂದು ಸಂಪ್ರದಾಯವಾದಿಗಳದ್ದು, ಇನ್ನೊಂದು ಉದಾರವಾದಿಗಳಿಂದ ಒಡೆದು ಬಂದವರದ್ದು. ಇಬ್ಬರೂ ಸೇರಿದರೂ ಬಹುಮತವಿರಲಿಲ್ಲ. ಪ್ರಧಾನಿ ಹಾಲ್ವೋರ್ಸೆನ್ ಮೂರು ತಿಂಗಳು ತುಂಬುವ ಮೊದಲೇ ತೀರಿಕೊಂಡ. ಹಣಕಾಸು ನೋಡುತ್ತಿದ್ದ ಬೆರ್ಗೆ ಎಂಬವನು ಆ ಜಾಗಕ್ಕೆ ಬಂದ. ಮರುವರ್ಷ ಬೇಸಗೆಯಲ್ಲಿ ಅವನ ಸರಕಾರವೂ ಬಿತ್ತು. ಬಿದ್ದದ್ದು ಮದ್ಯದ ವಿಷಯಕ್ಕೆ. ಆ ದೇಶದಲ್ಲಿ ಆಗ ಪಾನನಿಷೇಧವಿತ್ತು. ಬೇಕೆಂದು ಜನರೇ ಮತ ಹಾಕಿ ಉಳಿಸಿಕೊಂಡ ನಿಷೇಧ. ಅದನ್ನು ತೆಗೆಯೋಣವೆಂದು ಬೆರ್ಗೆ ಮಸೂದೆ ತಂದ, ಸಂಸತ್ತು ಆಗದು ಎಂದಿತು, ಅವನು ರಾಜೀನಾಮೆ ಕೊಟ್ಟ.

ಇದನ್ನೇ ಏಕೆ ಆರಿಸಿಕೊಂಡೆ ಎಂದರೆ ಅದಕ್ಕೆ ಕಾರಣ ಅಮ್ಮ. ಮದ್ರಾಸು ಸರಕಾರದ ಪಾನನಿಷೇಧದ ಕಾಲದಲ್ಲಿ ಅಜ್ಜನನ್ನು, ಅಂದರೆ ನಿಮ್ಮ ಅಪ್ಪನನ್ನು, ಕಳ್ಳು ಇಳಿಸಿದ್ದಕ್ಕೆ ಪೊಲೀಸರು ಹಿಡಿದುಕೊಂಡು ಹೋಗಿದ್ದರೆಂದು ಅವರು ನಾನು ಚಿಕ್ಕವಳಿದ್ದಾಗ ಹೇಳಿದ್ದರು. ಒಂದು ಕಾನೂನು ತೆಂಗಿನ ಮರದ ತುದಿಯವರೆಗೂ ಹೇಗೆ ಹತ್ತುತ್ತದೆ ಎಂದು ನನಗೆ ಅಂದಿನಿಂದಲೂ ಕುತೂಹಲ. ನನ್ನ ಪ್ರಬಂಧದ ಮುನ್ನುಡಿಯಲ್ಲಿ ಅಜ್ಜನ ಬಗ್ಗೆ ನಾಲ್ಕು ಸಾಲು ಬರೆಯಬೇಕೆಂದಿದ್ದೇನೆ. ಯಾವ ವರ್ಷ, ಯಾವ ಜೈಲು, ಎಷ್ಟು ಕಾಲ ಇದ್ದರು, ತಿಳಿಸುವಿರಾ?

ನೀವೂ ಅಣ್ಣನೂ ಸೇರಿ ತೆರೆದ ಹೋಟೆಲು ಹೇಗೆ ನಡೆಯುತ್ತಿದೆ? ಅಮ್ಮನಿಗೆ ಇಡೀ ದಿನ ಒಲೆಯ ಮುಂದೆ ನಿಲ್ಲಬೇಡಿ ಎಂದು ಹೇಳಿ.

ನಿಮ್ಮ ಮಗಳು
ನಿರೀಕ್ಷಾ

ಬ್ಲ್ಯಾಕ್‌ಟೌನ್, ಸಿಡ್ನಿ
5 ಮಾರ್ಚ್ 2006

ಚಿ. ನಿರೀಕ್ಷಾಳಿಗೆ,

ಕಾಗದ ತಲುಪಿತು. ಎರಡು ಸಲ ಓದಿದೆ. ಮೊದಲನೆಯದಾಗಿ, ಒಂದು ದೇಶದ ಪ್ರಧಾನಿಯಾಗಿದ್ದವರನ್ನು ಏಕವಚನದಲ್ಲಿ ಬರೆಯಬೇಡ. ಬೆರ್ಗೆಯವರು ನಿನ್ನ ಸಹಪಾಠಿಯಲ್ಲ.

ಎರಡನೆಯದಾಗಿ, ನಿನ್ನ ಅಜ್ಜನ ವಿಷಯ ಮುನ್ನುಡಿಯಲ್ಲಿ ಬೇಡ. ನಾರ್ವೆಯ ಪುಸ್ತಕದಲ್ಲಿ ಕಟಪಾಡಿಯ ಮನುಷ್ಯನಿಗೆ ಏನು ಕೆಲಸ? ಇದರ ಬಗ್ಗೆ ಮತ್ತೆ ಕೇಳಬೇಡ.

ಒಂದು ಸಂಶಯ. ಬಹುಮತವಿಲ್ಲದ ಮೇಲೆ ಮಸೂದೆ ಸೋಲುತ್ತದೆಂದು ಬೆರ್ಗೆಯವರಿಗೆ ಮೊದಲೇ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಯಾಕೆ ತಂದರು? ನಾನು ಗಣಿತದ ಮೇಷ್ಟ್ರಾಗಿದ್ದವನು. ಕೂಡಿದರೆ ಸಾಲುವುದಿಲ್ಲವೆಂದು ಕಂಡ ಮೇಲೆ ಕೂಡಿಸುತ್ತ ಕೂರುವುದು ನನಗೆ ಅರ್ಥವಾಗುವುದಿಲ್ಲ.

ಹೋಟೆಲಿನ ವಿಷಯ ಕೇಳಿದ್ದೀ. ಶನಿವಾರ ಪರವಾಗಿಲ್ಲ, ಉಳಿದ ದಿನ ಅರ್ಧ ಮೇಜು ಖಾಲಿ. ನಿನ್ನ ಅಣ್ಣ ಧನರಾಜ ಈಗ ಮದ್ಯದ ಲೈಸೆನ್ಸ್ ಬೇಕೆಂದು ಹಟ ಹಿಡಿದಿದ್ದಾನೆ. ತೆರೆಯುವಾಗಲೇ ನಾನು ಬೇಡ ಅಂದಿದ್ದೆ. ಆಗ ಅವನು ಬಿವೈಒ ಎಂಬ ಉಪಾಯ ತಂದ. ಎಂದರೆ ಗಿರಾಕಿಗಳು ಬೇಕಾದರೆ ತಮ್ಮ ಬಾಟಲಿ ತಾವೇ ತಂದು ಕುಡಿಯುತ್ತಾರೆ, ನಾವು ಮಾರುವುದಿಲ್ಲ, ಗ್ಲಾಸು ಮಾತ್ರ ಇಡುತ್ತೇವೆ. ಅದಕ್ಕೆ ಒಪ್ಪಿದ್ದೆ. ಗ್ಲಾಸು ಇಡುವಾಗ ನಾನು ಅಡುಗೆಮನೆಗೆ ಹೋಗಿಬಿಡುತ್ತೇನೆ. ಈಗ ಅವನಿಗೆ ಅಷ್ಟು ಸಾಲದು. ಹೋಟೆಲು ನಮ್ಮಿಬ್ಬರ ಹೆಸರಿನಲ್ಲಿರುವುದರಿಂದ ಅರ್ಜಿಗೆ ನನ್ನ ಸಹಿಯೂ ಬೇಕು.

"ಪಪ್ಪ, ಕೋರಿ ರೊಟ್ಟಿ ತಿನ್ನುವವನಿಗೆ ಒಂದು ಬಿಯರ್ ಬೇಕಾಗ್ತದೆ. ಇಲ್ಲದಿದ್ರೆ ಅವ ಪಕ್ಕದ ಥಾಯ್ ರೆಸ್ಟೋರೆಂಟಿಗೆ ಹೋಗ್ತಾನೆ. ಸಿಂಪಲ್" ಅಂದ.

"ನನ್ನ ಹೆಸರಿನ ಕೆಳಗೆ ಮದ್ಯ ಮಾರುದು ಬೇಡ" ಅಂದೆ.

"ಇಲ್ಲಿ ಯಾರಿಗೆ ಗೊತ್ತುಂಟು ನಿಮ್ಮ ಹೆಸರು?"

ಅರ್ಜಿಯನ್ನು ಅವನ ಕಡೆಗೇ ಸರಿಸಿದೆ. ಸಹಿ ಹಾಕಲಿಲ್ಲ. ಈಗ ಒಂದೇ ಮನೆಯಲ್ಲಿ ಇದ್ದೂ ನಾವು ನಿನ್ನ ಅಮ್ಮನ ಮೂಲಕ ಮಾತಾಡುತ್ತಿದ್ದೇವೆ. ಅವಳು ಇಬ್ಬರಿಗೂ ಅನ್ನ ಬಡಿಸುತ್ತಾಳೆ, ಯಾರ ಪಕ್ಷವನ್ನೂ ಹಿಡಿಯುವುದಿಲ್ಲ.

ಅಲ್ಲಿ ಚಳಿ ಬೇಗ ಬರುತ್ತದಂತೆ. ಸ್ವೆಟರ್ ಹಾಕಿಕೋ.

ಅಪ್ಪ
ಅಣ್ಣು ಪೂಜಾರಿ

ಗ್ಲೆನ್ ವೇವರ್ಲಿ
26 ಮಾರ್ಚ್ 2006

ಅಪ್ಪನಿಗೆ ನಮಸ್ಕಾರ.

ತಪ್ಪಾಯಿತು, ಇನ್ನು ಬೆರ್ಗೆಯವರು ಎಂದೇ ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಓದೀ ಓದೀ ಈ ಅಭ್ಯಾಸವಾಯಿತು.

ಸೋಲುತ್ತದೆಂದು ಅವರಿಗೆ ಗೊತ್ತಿದ್ದಿರಲೇಬೇಕು. ಅವರು ಮೊದಲು ನಿಷೇಧವನ್ನು ಒಪ್ಪಿಕೊಂಡಿದ್ದವರೇ. ಆದರೆ ಅಧಿಕಾರದಲ್ಲಿ ಕೂತಾಗ ಕಂಡದ್ದು ಬೇರೆ. ದೋಣಿಗಳಲ್ಲಿ ಕಳ್ಳಸಾಗಣೆಯ ಸ್ಪಿರಿಟ್ ಬರುತ್ತಿತ್ತು. ವೈದ್ಯರು ಔಷಧಿಯ ಹೆಸರಿನಲ್ಲಿ ಬ್ರಾಂದಿಗೆ ಚೀಟಿ ಬರೆದುಕೊಡುತ್ತಿದ್ದರು. ಮೀನು ಕೊಳ್ಳುವ ಪೋರ್ಚುಗಲ್, ಸ್ಪೇನಿನವರು ನಮ್ಮ ವೈನ್ ಕೊಳ್ಳದಿದ್ದರೆ ನಿಮ್ಮ ಮೀನು ಬೇಡ ಎಂದು ಕೂತರು. ಅದಕ್ಕೆ ಗಟ್ಟಿ ವೈನನ್ನು ನಿಷೇಧದಿಂದ ಮೊದಲೇ ಬಿಟ್ಟಾಗಿತ್ತು, ಬ್ರಾಂದಿಯಂಥ ಸ್ಪಿರಿಟ್ ಮಾತ್ರ ಆಗದು. ಒಂಥರಾ ಅವರ ಬಿವೈಒ ಅನ್ನಿ. ಕುಡಿಯುವವರು ಕುಡಿಯುತ್ತಲೇ ಇದ್ದರು, ಬೊಕ್ಕಸ ಬರಿದಾಗುತ್ತಿತ್ತು, ಕಾನೂನಿನ ಮರ್ಯಾದೆ ಹೋಗುತ್ತಿತ್ತು. ಕಂಡದ್ದನ್ನು ಕಂಡಂತೆ ಹೇಳಿ ಬೀಳುವುದೇ ಮೇಲು ಎಂದುಕೊಂಡಿರಬೇಕು ಎನ್ನುವುದು ನನ್ನ ಊಹೆ.

ಅಣ್ಣ ಫೋನ್ ಮಾಡಿದ್ದ. ನಾನು ಯಾರ ಪರವೂ ಅಲ್ಲ ಎಂದೆ. ಆದರೆ ಅಪ್ಪ, ಒಂದು ಮಾತು ಹೇಳಲೇ? ಮೊದಲು ಆಡಿದ ಮಾತನ್ನು ಬದಲಿಸುವುದು ಯಾವಾಗಲೂ ಸೋಲಲ್ಲ. ಬೆರ್ಗೆಯವರು ಬದಲಿಸಿದರು. ಅಣ್ಣನಿಗೆ ಮಾರ್ಟ್‌ಗೇಜ್ ಇದೆ, ತಿಂಗಳು ತಿಂಗಳೂ ಮನೆಯ ಸಾಲ ಕಟ್ಟಬೇಕು. ನೀವು ಬದಲಿಸಿದರೆ ಯಾರೂ ನಿಮ್ಮನ್ನು ಚಿಕ್ಕದಾಗಿ ಕಾಣುವುದಿಲ್ಲ.

ಪ್ರೀತಿಯಿಂದ
ನಿರೀಕ್ಷಾ

ಗ್ಲೆನ್ ವೇವರ್ಲಿ
20 ಜೂನ್ 2006

ಅಪ್ಪನಿಗೆ,

ಮಾರ್ಚಿನಲ್ಲಿ ಬರೆದ ಕಾಗದಕ್ಕೆ ಉತ್ತರ ಬರಲಿಲ್ಲ. ಅಮ್ಮನಿಗೆ ಫೋನ್ ಮಾಡಿದಾಗಲೆಲ್ಲ ನೀವು ವಾಕಿಂಗ್ ಹೋಗಿರುತ್ತೀರಿ. ಇಲ್ಲಿಯ ಈ ಜೂನ್ ಚಳಿಯಲ್ಲಿ ಅಷ್ಟೊಂದು ವಾಕಿಂಗ್ ಯಾರು ಮಾಡುತ್ತಾರೆ?

ಸಿಟ್ಟಿದ್ದರೆ ಸಿಟ್ಟೆಂದಾದರೂ ಬರೆಯಿರಿ.

ನಿರೀಕ್ಷಾ

ಬ್ಲ್ಯಾಕ್‌ಟೌನ್
9 ಜುಲೈ 2006

ಚಿ. ನಿರೀಕ್ಷಾಳಿಗೆ,

ಸಿಟ್ಟು ಇತ್ತು. ನೀನು ಚರಿತ್ರೆ ಬರೆಯುತ್ತೀ ಎಂದುಕೊಂಡು ಓದುತ್ತಿದ್ದೆ. ಕೊನೆಗೆ ನೋಡಿದರೆ ಅದು ನಿನ್ನ ಅಣ್ಣನ ಪರವಾದ ಮನವಿ. ಬೆರ್ಗೆಯವರನ್ನು ನನ್ನ ಮನೆಗೆ ಮಧ್ಯಸ್ಥಿಕೆಗೆ ಕಳಿಸಬಾರದಿತ್ತು.

ನೀನು ಕೇಳಿದ್ದಕ್ಕೆ ಈಗ ಉತ್ತರ ಬರೆಯುತ್ತೇನೆ. ಮುನ್ನುಡಿಗಲ್ಲ, ನಿನಗೆ ಮಾತ್ರ.

ನನ್ನ ಅಪ್ಪ ಮೂರ್ತೆದಾರರು. ಬೆಳಿಗ್ಗೆ, ಸಂಜೆ ಮರ ಹತ್ತಿ ಕಳ್ಳು ಇಳಿಸುವುದೇ ನಮಗೆ ಅನ್ನ. ನಿಷೇಧ ಬಂದ ಮೇಲೆ ಬೇರೆ ಕೆಲಸ ಹುಡುಕಿದರು. ಸಿಗಲಿಲ್ಲ. ಕದ್ದು ಇಳಿಸಿದರು. ಒಂದು ದಿನ ಪೊಲೀಸರು ಅವರನ್ನು ಮರದ ಬುಡದಲ್ಲೇ ಹಿಡಿದರು. ಕೈಗೆ ಹಗ್ಗ ಕಟ್ಟಿ, ಸೊಂಟದಲ್ಲಿದ್ದ ಕತ್ತಿಯನ್ನು ಬಿಚ್ಚದೆ, ಕಳ್ಳಿನ ಮಡಕೆಯನ್ನು ಅವರ ತಲೆಯ ಮೇಲೆಯೇ ಹೊರಿಸಿ, ಪೇಟೆಯ ದಾರಿಯಲ್ಲಿ ನಡೆಸಿಕೊಂಡು ಹೋದರು. ದಾರಿಯಲ್ಲಿ ನಮ್ಮ ಶಾಲೆ. ಮೇಷ್ಟ್ರು ಪಾಠ ನಿಲ್ಲಿಸಿ ಎಲ್ಲರನ್ನೂ ಕಿಟಕಿಯ ಹತ್ತಿರ ಕರೆದು, "ನೋಡಿ ಮಕ್ಕಳೇ, ಕುಡಿತದ ಫಲ" ಅಂದರು. ನನ್ನ ಅಪ್ಪ ಕುಡಿಯುತ್ತಿರಲಿಲ್ಲ. ಅಲ್ಲಿಂದ ನಾನು ಕಲಿಸುವ ಕೆಲಸಕ್ಕೆ ಸೇರುವವರೆಗೂ ನನಗೆ ಶಾಲೆಯಲ್ಲಿ, ಊರಲ್ಲಿ 'ಮಡಕೆ' ಎಂದೇ ಹೆಸರು. ಮದ್ಯ ಇರುವ ಜಾಗದಲ್ಲಿ ನಮ್ಮ ಹೆಸರು ಇರಬಾರದೆಂದು ನಾನು ಅಂದುಕೊಂಡದ್ದು ಯಾವ ಉಪದೇಶ ಕೇಳಿಯೂ ಅಲ್ಲ.

ಇಷ್ಟು ಸಾಕು. ಮುಂದಿನ ವಿಷಯ ಕೇಳು.

ಮೇ ತಿಂಗಳಲ್ಲಿ ಧನರಾಜ ಅಡುಗೆಗೆ ಇದ್ದ ಹುಡುಗನನ್ನು ಬಿಡಿಸಿದ. ಸಂಬಳ ಕೊಡಲು ಆಗುತ್ತಿರಲಿಲ್ಲ. ಎಲ್ಲ ಕೆಲಸ ನಿನ್ನ ಅಮ್ಮನ ಮೇಲೆ ಬಿತ್ತು. ಒಂದು ಮಧ್ಯಾಹ್ನ ಅವಳು ನೀರುದೋಸೆ ಹೊಯ್ಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ನನ್ನ ಅಪ್ಪನೂ ಮರ ಹತ್ತಿದವರೇ. ನಾನು ತಿಂದು ಬೆಳೆದದ್ದು ಅದರಲ್ಲೇ. ನಂಗೆ ನಾಚಿಕೆ ಇಲ್ಲ. ನಿಮಗೆ ನಾಚಿಕೆ ಆಗುದಾದ್ರೆ ನೀವೇ ಇಟ್ಕೊಳ್ಳಿ. ನನ್ನ ಮಗನ ಹೋಟೆಲಿಗೆ ಎಂತಕ್ಕೆ ಬೀಗ ಹಾಕಿಸ್ತೀರಿ?" ಅಂದಳು. ಮತ್ತೆ ದೋಸೆ ಹೊಯ್ಯತೊಡಗಿದಳು.

ಮರುದಿನ ನಾನು ಸಹಿ ಹಾಕಿದೆ.

ಅರ್ಜಿ ಕೊಟ್ಟ ಮೇಲೆ ಒಂದು ನೋಟಿಸನ್ನು ಹೋಟೆಲಿನ ಗಾಜಿಗೆ ಅಂಟಿಸಬೇಕೆಂಬುದು ಇಲ್ಲಿಯ ನಿಯಮ. ಧನರಾಜ ಅಂಟಿಸಿದ. ನಾನು ಹೊರಗೆ ನಿಂತು ಪೂರ್ತಿ ಓದಿದೆ. ಈ ಭಾಗದ ನಿವಾಸಿಗಳಲ್ಲಿ ಯಾರಿಗಾದರೂ ತಕರಾರಿದ್ದರೆ ಬರವಣಿಗೆಯಲ್ಲಿ ತಿಳಿಸಬಹುದು ಎಂದಿತ್ತು. ನಾನೂ ನಿವಾಸಿ. ನನಗೂ ತಕರಾರಿದೆ. ಮನೆಗೆ ಬಂದು ಬರೆದೆ. ಸ್ಟೇಷನ್ನಿನ ಸುತ್ತ ಈಗಾಗಲೇ ಸಾಕಷ್ಟು ಪಬ್ಬುಗಳಿವೆ, ಸಂಜೆಯಾದರೆ ಕುಡಿದವರು ಪ್ಲಾಟ್‌ಫಾರ್ಮಿನಲ್ಲಿ ಮಲಗಿರುತ್ತಾರೆ, ಇನ್ನೊಂದು ಬೇಡ ಎಂದು. ಕೆಳಗೆ ಪೂರ್ತಿ ಹೆಸರು, ವಿಳಾಸ ಹಾಕಿ ಅಂಚೆಗೆ ಹಾಕಿದೆ.

ಸಹಿ ಹಾಕದಿದ್ದರೆ ಮಗನ ಬಾಗಿಲು ಮುಚ್ಚುತ್ತಿತ್ತು. ಇದನ್ನು ಬರೆಯದಿದ್ದರೆ ನನ್ನ ಬಾಯಿ ಮುಚ್ಚುತ್ತಿತ್ತು. ಧನರಾಜನಿಗೆ ಇನ್ನೂ ಗೊತ್ತಿಲ್ಲ. ಕಚೇರಿಯವರು ಹೇಳಲಿ.

ಅಪ್ಪ

ಗ್ಲೆನ್ ವೇವರ್ಲಿ
23 ಜುಲೈ 2006

ಅಪ್ಪನಿಗೆ ನಮಸ್ಕಾರ.

ಕಚೇರಿಯವರು ಹೇಳಿದ್ದಾರೆ. ಅಣ್ಣ ಮೊನ್ನೆ ನನಗೆ ಫೋನ್ ಮಾಡಿದ. "ಅಪ್ಲಿಕೇಶನ್ನಿನಲ್ಲಿ ಅಪ್ಪನ ಸೈನ್, ಆಬ್ಜೆಕ್ಷನ್ನಿನಲ್ಲಿಯೂ ಅಪ್ಪನ ಸೈನ್. ಆ ಆಫೀಸರು ನನ್ನತ್ರ ಇದು ಫ್ಯಾಮಿಲಿ ಡಿಸ್ಪ್ಯೂಟಾ ಕೇಳ್ತಾಳೆ. ನಾನೆಂತ ಹೇಳುದು?" ಅಂದ. ನಾನು ನಕ್ಕುಬಿಟ್ಟೆ. ಅವನು ಫೋನಿಟ್ಟ. ಆಮೇಲೆ ನಗಬಾರದಿತ್ತು ಅನಿಸಿತು.

ಮಡಕೆಯ ವಿಷಯ ನನಗೆ ಗೊತ್ತಿರಲಿಲ್ಲ. ಅಮ್ಮ ಅದನ್ನು ಯಾವತ್ತೂ ಹೇಳಿಲ್ಲ. ಪ್ರಾಯಶಃ ಅವರಿಗೂ ಗೊತ್ತಿಲ್ಲ. ನಿಮ್ಮ ಕಾಗದ ಬಂದ ದಿನ ಲೈಬ್ರರಿಗೆ ಹೋಗಿದ್ದೆ. ನಾರ್ವೆಯಲ್ಲಿ ನಿಷೇಧ ಮುರಿದವರ ಲೆಕ್ಕದ ಪುಟಗಳು ತೆರೆದಿದ್ದವು. ಜಿಲ್ಲೆವಾರು ಅಂಕಿಗಳು ಮಾತ್ರ. ಓದಲಾಗದೆ ಮುಚ್ಚಿಟ್ಟು ಬಂದೆ. ಮಾರ್ಚಿನ ಕಾಗದದಲ್ಲಿ ಕೊನೆಗೆ ಬರೆದ ಮಾತುಗಳನ್ನು ನಾನು ಬರೆಯಬಾರದಿತ್ತು. ಮುನ್ನುಡಿಯ ವಿಷಯ ಇನ್ನು ಎತ್ತುವುದಿಲ್ಲ.

ಬೆರ್ಗೆಯವರ ಕಥೆ ಪೂರ್ತಿ ಮಾಡಿಬಿಡುತ್ತೇನೆ, ಇದು ಮನವಿಯಲ್ಲ. ಅವರ ಸರಕಾರ ಬಿದ್ದು ಎರಡು ವರ್ಷಕ್ಕೆ ಜನರ ಮತ ಇನ್ನೊಮ್ಮೆ ಕೇಳಿದರು. ಈ ಸಲ ಜನ ನಿಷೇಧ ಬೇಡ ಎಂದರು. ಮರುವರ್ಷ ಕಾನೂನು ಹೋಯಿತು. ಅಷ್ಟು ಹೊತ್ತಿಗೆ ಬೆರ್ಗೆಯವರು ಒಂದು ಬ್ಯಾಂಕಿಗೆ ಸಂಸತ್ತಿಗೆ ತಿಳಿಸದೆ ಸಹಾಯ ಮಾಡಿದ್ದಕ್ಕೆ ವಿಚಾರಣೆ ಎದುರಿಸುತ್ತಿದ್ದರು. ಕೊನೆಗೆ ಖುಲಾಸೆಯಾಯಿತು. ಮದ್ಯದ ವಿಷಯದಲ್ಲಿ ನೀವು ಹೇಳಿದ್ದೇ ಸರಿಯಿತ್ತು ಎಂದು ಯಾರಾದರೂ ಅವರಿಗೆ ಹೇಳಿದರೋ ಇಲ್ಲವೋ, ನನಗೆ ಸಿಕ್ಕ ಪತ್ರಿಕೆಗಳಲ್ಲಂತೂ ಇಲ್ಲ.

ನಿಮ್ಮ ಆಕ್ಷೇಪಣೆ ಏನಾಯಿತು? ಮನೆಯಲ್ಲಿ ಮಾತಾಡುತ್ತಿದ್ದೀರಾ?

ನಿರೀಕ್ಷಾ

ಬ್ಲ್ಯಾಕ್‌ಟೌನ್
3 ಸೆಪ್ಟೆಂಬರ್ 2006

ಚಿ. ನಿರೀಕ್ಷಾಳಿಗೆ,

ಲೈಸೆನ್ಸ್ ಕಚೇರಿಯಿಂದ ಕರೆ ಬಂತು. ಧನರಾಜನೇ ಕಾರಿನಲ್ಲಿ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ರೇಡಿಯೋ ಹಾಕಿದ್ದ.

ಅಧಿಕಾರಿ ಒಬ್ಬ ಹೆಂಗಸು, ನಿನಗಿಂತ ಸ್ವಲ್ಪ ದೊಡ್ಡವಳಿರಬಹುದು. ಎರಡು ಕಾಗದಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಎರಡೂ ನೀವೇ ಬರೆದದ್ದೇ ಎಂದು ಕೇಳಿದಳು. ಹೌದು ಎಂದೆ. ಹಾಗಾದರೆ ನಿಮಗೆ ಬೇಕಾದದ್ದೇನು ಎಂದಳು. ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಮಗ ಮಾರುವುದಿದ್ದರೆ ಮಾರಲಿ, ಆದರೆ ಕುಡಿದದ್ದು ಹೆಚ್ಚಾದಾಗ ಸಾಕು ಎಂದು ಹೇಳುವ ಒಬ್ಬ ಮನುಷ್ಯ ಅಲ್ಲಿ ಇರಬೇಕು ಎಂದೆ. ಅಷ್ಟೇನಾ ಎಂದು ಅವಳು ನಕ್ಕಳು. ಅದು ಈಗಾಗಲೇ ಕಾನೂನಿನಲ್ಲಿದೆಯಂತೆ. ಮದ್ಯ ಬಡಿಸುವ ಪ್ರತಿಯೊಬ್ಬರೂ ಒಂದು ತರಬೇತಿ ಮುಗಿಸಿ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ಅಮಲೇರಿದವನಿಗೆ ಕೊಡುವುದಿಲ್ಲ ಎನ್ನುವುದು ಬಡಿಸುವವನ ಹಕ್ಕಲ್ಲ, ಕರ್ತವ್ಯ. ಕೊಟ್ಟರೆ ದಂಡ.

ಆ ಮನುಷ್ಯ ನಾನೇ ಆಗಬಹುದೇ ಎಂದು ಕೇಳಿದೆ. ವಯಸ್ಸಿನ ಮಿತಿಯಿಲ್ಲ ಎಂದಳು. ಧನರಾಜ ಆಗ ಮೊದಲ ಸಲ ನನ್ನ ಮುಖ ನೋಡಿದ.

ಆಕ್ಷೇಪಣೆ ಹಿಂದೆ ತೆಗೆದುಕೊಂಡೆ.

ತರಬೇತಿಗೆ ಹೋದೆ. ಉಳಿದವರೆಲ್ಲ ಕಾಲೇಜಿನ ಮಕ್ಕಳು, ಮೂಗಿಗೆ ಕಿವಿಗೆ ರಿಂಗು. ಪಾಠ ಮಾಡಿದವನು ಬಹಳ ಚೆನ್ನಾಗಿ ಮಾಡಿದ. ಮಾತು ತೊದಲುವುದು, ಚಿಲ್ಲರೆ ಎಣಿಸಲು ತಡಕಾಡುವುದು, ಸುಮ್ಮನೆ ಸಿಟ್ಟಾಗುವುದು, ಇವನ್ನೆಲ್ಲ ಹೇಗೆ ಗಮನಿಸಬೇಕೆಂದು ಹೇಳಿಕೊಟ್ಟ. ಬೇಡ ಎನ್ನುವಾಗ ದನಿ ತಗ್ಗಿಸಬೇಕು, ಬೇರೆಯವರ ಮುಂದೆ ಅವಮಾನ ಮಾಡಬಾರದು, ನೀರು ಕೊಟ್ಟು ಟ್ಯಾಕ್ಸಿ ಕರೆಸಬೇಕು. ಕುಡಿದವನ ಮರ್ಯಾದೆ ಕಾಯುವ ಪಾಠವೂ ಒಂದಿದೆಯೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಕಡೆಯ ಪೊಲೀಸರಿಗೆ ಆಗ ಅದನ್ನು ಕಲಿಸಿದ್ದರೆ ಎಂದುಕೊಂಡೆ.

ಪಾಸಾದೆ. ಧನರಾಜ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸುತ್ತೇನೆ ಎನ್ನುತ್ತಾನೆ. ಈಗ ನನ್ನೊಡನೆ ನೇರವಾಗಿ ಮಾತಾಡುತ್ತಾನೆ, ಅದೂ ಸ್ವಲ್ಪ ಜಾಸ್ತಿಯೇ.

ಬೆರ್ಗೆಯವರಿಗೆ ಯಾರೂ ಏನೂ ಹೇಳಲಿಲ್ಲವೆಂದು ಬರೆದಿದ್ದೀ. ಅವರ ಮನೆಯವರು ಹೇಳಿರಬಹುದು. ಅದು ಪತ್ರಿಕೆಗಳಲ್ಲಿ ಬರುವುದಿಲ್ಲ.

ಆಶೀರ್ವಾದಗಳು.
ಅಪ್ಪ

ಬ್ಲ್ಯಾಕ್‌ಟೌನ್
28 ನವೆಂಬರ್ 2006

ಮಗಾ ನಿರೀಕ್ಷಾ,

ನಾನು ಕಾಗದ ಬರೆದು ಎಷ್ಟು ಕಾಲವಾಯಿತೋ. ಅಕ್ಷರ ತಪ್ಪಿದ್ದರೆ ಸರಿಮಾಡಿ ಓದಿಕೋ. ನಿನ್ನ ಅಪ್ಪ ಇದನ್ನು ಬರೆಯುವುದಿಲ್ಲ, ಹಾಗಾಗಿ ನಾನು ಬರೆಯುತ್ತಿದ್ದೇನೆ.

ಲೈಸೆನ್ಸ್ ಬಂದು ತಿಂಗಳಾಯಿತು. ಗಿರಾಕಿಗಳು ಪರವಾಗಿಲ್ಲ. ಅಡುಗೆಗೆ ಮತ್ತೆ ಜನ ಇಟ್ಟಿದ್ದೇವೆ. ನಿಯಮದಂತೆ ಬಾಗಿಲ ಮೇಲೆ ಲೈಸೆನ್ಸಿನವರ ಹೆಸರು ಹಾಕಿದ್ದಾರೆ. ಅದರಲ್ಲಿ ಅಪ್ಪನ ಹೆಸರೂ ಉಂಟು. ಅವರು ಸಂಜೆ ಇಸ್ತ್ರಿ ಹಾಕಿದ ಶರ್ಟು ಹಾಕಿಕೊಂಡು ಕೌಂಟರಿನ ಹತ್ತಿರ ನಿಲ್ಲುತ್ತಾರೆ. ಬಾಟಲಿ ಮುಟ್ಟುವುದಿಲ್ಲ. ನೋಡುತ್ತಾರೆ ಅಷ್ಟೇ. ಮೇಷ್ಟ್ರು ಪರೀಕ್ಷೆಯ ಕೋಣೆಯಲ್ಲಿ ನಿಂತ ಹಾಗೆ.

ಹೋದ ಶನಿವಾರ ನಮ್ಮ ಊರ ಕಡೆಯವರ ಒಂದು ಪಾರ್ಟಿ ಇತ್ತು. ದೊಡ್ಡ ಕೆಲಸದಲ್ಲಿರುವವರು. ಅವರಲ್ಲೊಬ್ಬ ಬಹಳ ಕುಡಿದಿದ್ದ. ಬಾಗಿಲ ಮೇಲಿನ ಹೆಸರು ಓದಿಕೊಂಡು ಬಂದಿದ್ದ ಅಂತ ಕಾಣುತ್ತದೆ. ಊರವರಿಗೆ ಪೂಜಾರಿ ಅಂದರೆ ಕಳ್ಳು ಇಳಿಸುವ ಜಾತಿ ಎಂದೇ ಅಲ್ಲವಾ. ಇನ್ನೊಂದು ಕೊಡಿ ಎಂದು ಕರೆದು, ಎಲ್ಲರಿಗೂ ಕೇಳುವ ಹಾಗೆ, "ಅಂತೂ ಪೂಜಾರಿಯವ್ರು ಆಸ್ಟ್ರೇಲಿಯಾಕ್ಕೆ ಬಂದ್ರೂ ಕುಲಕಸುಬು ಬಿಡ್ಲಿಲ್ಲ" ಅಂತ ಹೇಳಿ ನಕ್ಕ. ಜೊತೆಯವರು ಕೆಲವರು ನಕ್ಕರು, ಕೆಲವರು ತಟ್ಟೆ ನೋಡಿದರು. ಧನರಾಜ ಒಳಗಿಂದ ಹೊರಟ. ನಾನು ಅವನ ತೋಳು ಹಿಡಿದೆ.

ನಿನ್ನ ಅಪ್ಪ ಆ ಮೇಜಿನ ಹತ್ತಿರ ಹೋದರು. ಬಗ್ಗಿ, ಮೆಲ್ಲಗೆ ಮಾತಾಡಿದರು. ಆದರೂ ನನಗೆ ಕೇಳಿತು.

"ಹೌದು. ನನ್ನ ಅಪ್ಪ ಮರ ಹತ್ತಿ ಕಳ್ಳು ಇಳಿಸ್ತಿದ್ರು, ಕಟಪಾಡಿಯಲ್ಲಿ. ಒಳ್ಳೆ ಕಳ್ಳು ಅಂತ ಹೆಸರಿತ್ತು. ಅಮಲಾದವರಿಗೆ ಅವ್ರು ಕೊಡ್ತಿರ್ಲಿಲ್ಲ. ನಾನೂ ಕೊಡುದಿಲ್ಲ. ನೀವು ಕೂತ್ಕೊಳ್ಳಿ, ನೀರು ತರ್ತೇನೆ."

ನೀರು ತಂದು ಇಟ್ಟರು. ಆ ಮನುಷ್ಯ ಕುಡಿದ. ಆಮೇಲೆ ಟ್ಯಾಕ್ಸಿಯನ್ನೂ ಇವರೇ ಕರೆಸಿದರು, ಬಾಗಿಲು ತೆಗೆದು ಕೂರಿಸಿದರು.

ಮನೆಗೆ ಬಂದು ಮಲಗಿದರು. ಭಾನುವಾರ ಬೆಳಿಗ್ಗೆ ನಾನು ತೆಂಗಿನಕಾಯಿ ತುರಿಯುತ್ತಿದ್ದೆ. ಅವರು ಚಾ ಹಿಡಿದುಕೊಂಡು ಬಂದು ಎದುರು ಕೂತರು. "ನಿನ್ನ ಅಪ್ಪನನ್ನೂ ಪೊಲೀಸರು ಹಿಡಿದಿದ್ದರಾ?" ಎಂದು ಕೇಳಿದರು. ಮದುವೆಯಾಗಿ ಇಷ್ಟು ವರ್ಷವಾಯಿತು, ನಿನ್ನ ಅಪ್ಪ ನನ್ನಲ್ಲಿ ಈ ಮಾತು ಕೇಳಿದ್ದು ಇದೇ ಮೊದಲು.

"ಇಲ್ಲಪ್ಪ, ನಮ್ಮ ಅಪ್ಪ ಓಡುದ್ರಲ್ಲಿ ಗಟ್ಟಿಗರು. ಒಮ್ಮೆ ಗದ್ದೆಯಲ್ಲಿ ಓಡಿ ಪೊಲೀಸಿನವನೇ ಕೆಸರಿಗೆ ಬಿದ್ದು, ಕೊನೆಗೆ ಅವನನ್ನು ಎತ್ತಿದ್ದೂ ನಮ್ಮ ಅಪ್ಪನೇ" ಅಂದೆ.

ಅವರು ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಚಾ ಅಂಗಿಯ ಮೇಲೆ ಚೆಲ್ಲಿತು. ಧನರಾಜ ಏನಾಯಿತೆಂದು ಓಡಿ ಬಂದ. ಅವನಿಗೆ ಮೊದಲಿನಿಂದ ಹೇಳಬೇಕಾಯಿತು, ಇಬ್ಬರು ಅಜ್ಜಂದಿರದ್ದೂ. ಅಪ್ಪನೇ ಹೇಳಿದರು.

ನಿನ್ನ
ಅಮ್ಮ